ಹಳ್ಳದ ದಂಡೆಗೆ ಸುಣ್ಣದ ಕಲ್ಲು

ಅಂದು ನಳದ ದಿನ. ರಾಯಚೂರಿನ ನಮ್ಮ ಓಣಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು, ಅದೂ ಬೆಳಗಿನ ಐದೂವರೆಗೆ. ಮೊದಲು ನಳ ಮುದುಕರ ಹಾಗೆ ಕೆಮ್ಮುತ್ತಿತ್ತು, ಆಮೇಲೆ ಒಂದು ಚೊಂಬಿನಷ್ಟು ಕೆಂಪು ನೀರು ಕಾರುತ್ತಿತ್ತು, ಆಮೇಲೆ ಕುಡಿಯುವ ನೀರು. ಎರಡು ಹಿತ್ತಾಳೆ ಕೊಡ, ತಾಮ್ರದ ಹಂಡೆ, ಬಚ್ಚಲಿನ ಸಿಮೆಂಟಿನ ತೊಟ್ಟಿ ಇಷ್ಟೂ ತುಂಬಿಸಿಕೊಂಡು ಅಂಗಳಕ್ಕೆ ನೀರು ಹೊಡೆದು ಎರಡೆಳೆ ರಂಗೋಲಿ ಎಳೆದೆ. ಸ್ಟೋವಿಗೆ ಪಂಪು ಹೊಡೆದೆ. ಮನೆಯವರ ಡಬ್ಬಿಗೆ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಚಮಚ ಶೇಂಗಾ ಹಿಂಡಿ. ದೊಡ್ಡ ಮಗಳ ಎರಡೂ ಜಡೆಗೆ ರಿಬ್ಬನ್ ಕಟ್ಟಿದೆ. ಚಿಕ್ಕವಳದು ಒಂದೇ ರಿಬ್ಬನ್ ಸಿಕ್ಕಿತು, ಇನ್ನೊಂದು ಜಡೆಗೆ ನನ್ನ ಹಳೆಯ ಲಂಗದ ಲಾಡಿ ಕತ್ತರಿಸಿ ಕಟ್ಟಿ ಶಾಲೆಗೆ ಕಳಿಸಿದೆ. ಇದೆಲ್ಲ ಆ ಒಂದು ದಿನದ್ದು ಮಾತ್ರ ಹೀಗೆ ನೆನಪಿದೆ. ಅದರ ಹಿಂದಿನ ದಿನ ಡಬ್ಬಿಗೆ ಏನು ಕಟ್ಟಿದ್ದೆ ಎಂದರೆ ಹೇಳಲಾರೆ.

ಏಳೂವರೆಗೆ, ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಲೆಂದು ಹಿತ್ತಲ ಬಾಗಿಲು ತೆರೆದೆ. ನಮ್ಮ ಹಿತ್ತಲಿಗೆ ಮೊಣಕಾಲುದ್ದದ ಗೋಡೆ, ಅದರಾಚೆಗೆ ಇಳಿಜಾರು, ಇಳಿಜಾರಿನ ತಳದಲ್ಲಿ ಹಳ್ಳ. ದಿನಾ ಆ ಹೊತ್ತಿಗೆ ಅಲ್ಲಿ ಎರಡು ಎಮ್ಮೆ, ಅವುಗಳ ಹಿಂದೆ ನಾಲ್ಕಾರು ಬೆಳ್ಳಕ್ಕಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಅಂದು ದಂಡೆಯುದ್ದಕ್ಕೂ ಜನ ನಿಂತಿದ್ದರು. ಗುಂಪು ಕಟ್ಟಿಕೊಂಡಲ್ಲ, ಕಲ್ಲಿಗೊಬ್ಬರಂತೆ, ಶಾಲೆಯಲ್ಲಿ ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ ಅಳತೆಯ ಅಂತರದಲ್ಲಿ. ಒಬ್ಬ ತನ್ನ ಕಲ್ಲಿನ ಮೇಲೆ ಕಾಲಿಟ್ಟು ಬೀಡಿ ಸೇದುತ್ತಿದ್ದ. ಒಬ್ಬಾಕೆ ಕಲ್ಲಿನ ಪಕ್ಕ ಕೌದಿ ಹಾಸಿ ಕೂಸನ್ನು ಮಲಗಿಸಿದ್ದಳು. ಒಂದು ಕಲ್ಲಿಗೆ ಕುಂಕುಮ ಹಚ್ಚಿತ್ತು, ಅದರ ಮುಂದೆ ಒಡೆದ ತೆಂಗಿನಕಾಯಿಯ ಎರಡು ಹೋಳು.

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಆ ಕಲ್ಲುಗಳನ್ನು ಅಲ್ಲಿಟ್ಟವಳು ನಾನು.

ಹಳ್ಳ ದೊಡ್ಡದೇನಲ್ಲ. ಊರ ಅಂಚಿನ ಗುಡ್ಡದ ಬಂಡೆಗಳ ಸಂದಿಯಲ್ಲಿ ಹುಟ್ಟಿ, ನಮ್ಮ ಓಣಿಯ ಬೆನ್ನಿಗೆ ಬಳಸಿಕೊಂಡು, ಸೇತುವೆಯ ಕೆಳಗೆ ನುಸುಳಿ ಹೊಲಗಳ ಕಡೆ ಹೋಗುತ್ತಿತ್ತು. ಮಳೆಗಾಲದಲ್ಲಿ ಮೂರು ದಿನ ಅಬ್ಬರಿಸುತ್ತಿತ್ತು, ಉಳಿದಂತೆ ಮರಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಪ್ರತಿ ಗುರುವಾರ, ಪಕ್ಕದ ಮನೆಯ ವೈನಿಯನ್ನು ಕರೆದುಕೊಂಡು ಅದರೊಳಗೆ ನಡೆಯುವುದು ನನಗೆ ರೂಢಿಯಾಗಿತ್ತು. ವೈನಿ ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಲ್ಲಿ ಸದಾ ಒಂದು ಲವಂಗ. “ನಿನಗ ಕೆಲಸಿಲ್ಲ, ನನಗ ಬುದ್ಧಿಯಿಲ್ಲ, ನಡಿ” ಅನ್ನುತ್ತಲೇ ಚಪ್ಪಲಿ ಮೆಟ್ಟುತ್ತಿದ್ದರು. ಒಂದು ವಾರ ಗುಡ್ಡದ ಬುಡದವರೆಗೆ, ಇನ್ನೊಂದು ವಾರ ಸೇತುವೆಯವರೆಗೆ. ಈಚಲು ಮರಕ್ಕೆ ಜೋತುಬಿದ್ದ ಗೀಜಗನ ಗೂಡು ಎಷ್ಟು, ದಂಡೆಯ ಮಣ್ಣಿನಲ್ಲಿ ತೂತು ಕೊರೆದು ಇರುವ ಹಸಿರು ಹಕ್ಕಿಯ ಮನೆ ಎಷ್ಟು ಎಂದು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹಳ್ಳದ ತಿರುವುಗಳನ್ನೂ ಪೆನ್ಸಿಲಿನಲ್ಲಿ ಗೀಚಿದ್ದೆ.

ನಮ್ಮ ದಂಡೆಯ ಕೊನೆಗೆ ಒಂದು ದಿಬ್ಬ, ಅದರ ಮೇಲೊಂದು ಬೇವಿನ ಮರ. ದಿಬ್ಬದ ಬುಡದಲ್ಲಿ ಒರತಿ. ಮರಳಲ್ಲಿ ಮೊಳಕೈ ಆಳದ ಗುಂಡಿ ತೋಡಿದರೆ ಕಡು ಬೇಸಿಗೆಯಲ್ಲೂ ಅಲ್ಲಿ ನೀರು ಒಸರುತ್ತಿತ್ತು. ಆಚೆ ದಂಡೆಯ ಹತ್ತು ಹನ್ನೆರಡು ಗುಡಿಸಲುಗಳಿಗೆ ನಳವಿಲ್ಲ, ಬೇಸಿಗೆಯ ನೀರೆಲ್ಲ ಆ ಗುಂಡಿಯದೇ. ಅದನ್ನು ತೋಡಿ ಕಾಯುತ್ತಿದ್ದವಳು ಒಬ್ಬ ಮುದುಕಿ, ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ತೆಂಗಿನ ಚಿಪ್ಪಿನಿಂದ ನೀರು ಮೊಗೆದು, ಸೆರಗಿನಲ್ಲಿ ಸೋಸಿ, ಒಂದು ಕೊಡ ತುಂಬುವುದಕ್ಕೆ ಅರ್ಧ ತಾಸು ಕೂರುತ್ತಿದ್ದಳು. ಒಂದು ಹನಿ ಹೊರಗೆ ಚೆಲ್ಲಿದ್ದನ್ನು ನಾನು ಎಂದೂ ನೋಡಿಲ್ಲ.

ಆ ವರ್ಷ ನಮ್ಮ ಕಡೆಯ ದಂಡೆಗೆ ಕಸ ಬೀಳತೊಡಗಿತು. ಮನೆ ಕೆಡವಿದ ಇಟ್ಟಂಗಿ ಚೂರು, ಒಡೆದ ಬಚ್ಚಲ ಕಲ್ಲು, ಅಂಗಡಿಗಳ ಕೊಳೆತ ಟೊಮ್ಯಾಟೊ. ಅದನ್ನು ನೋಡಿ ನನಗೆ ಮಾನ್ವಿಯ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಮಾನ್ವಿಯಲ್ಲಿ ಇದ್ದೆವು. ಅಲ್ಲಿಯೂ ಮನೆಯ ಹಿಂದೆ ಇಂಥದ್ದೇ ಹಳ್ಳ. ಬಂದವರೆಲ್ಲ ಅದಕ್ಕೆ ಭತ್ತದ ಹೊಟ್ಟು ಸುರಿದು ಸುರಿದು, ಒಂದು ಮಳೆಗಾಲದಲ್ಲಿ ನೀರಿಗೆ ದಾರಿಯಿಲ್ಲದೆ ನಮ್ಮ ಅಡುಗೆಮನೆಗೆ ನುಗ್ಗಿತ್ತು. ತೊಟ್ಟಿಲಲ್ಲಿದ್ದ ದೊಡ್ಡ ಮಗಳನ್ನು ಗೋಡೆಯ ಮಾಡಿನಲ್ಲಿಟ್ಟು ನಾನು ಟೊಂಕದ ಮಟ್ಟದ ನೀರಲ್ಲಿ ನಿಂತಿದ್ದೆ.

ಹಾಗಾಗಿ ಕಲ್ಲಿಡುವ ಯೋಚನೆ. ನಾನು ಓದಿದ ಕಾನ್ವೆಂಟಿನಲ್ಲಿ ಹೂದೋಟದ ಸುತ್ತ ಸುಣ್ಣ ಬಳಿದ ಕಲ್ಲುಗಳ ಸಾಲಿತ್ತು. ಸಿಸ್ಟರು ಬೈಯುತ್ತಿರಲಿಲ್ಲ, ಬೋರ್ಡು ಹಾಕಿರಲಿಲ್ಲ. ಬಿಳಿ ಕಲ್ಲಿನ ಒಳಗೆ ಕಾಲಿಡಬಾರದೆಂದು ಮಕ್ಕಳಾದ ನಮಗೆಲ್ಲ ಗೊತ್ತಿತ್ತು, ಚೆಂಡು ಬಿದ್ದರೂ ಕೋಲಿನಿಂದ ಎಳೆದುಕೊಳ್ಳುತ್ತಿದ್ದೆವು. ಬಿಳಿ ಕಲ್ಲೆಂದರೆ ಒಳಗಿರುವುದನ್ನು ಮುಟ್ಟಬೇಡ ಎಂದು ನಾನು ಲೋಕಕ್ಕೆಲ್ಲ ಅನ್ವಯಿಸಿಕೊಂಡುಬಿಟ್ಟಿದ್ದೆ. ನಾನು ಮತ್ತು ವೈನಿ ಸೇರಿ ಇಳಿಜಾರಿನಲ್ಲೇ ಬಿದ್ದಿದ್ದ ಕಲ್ಲುಗಳನ್ನು ಉರುಳಿಸಿ ಸಾಲಿಗಿಟ್ಟೆವು. ದಿಬ್ಬವೂ ಒರತಿಯೂ ಸಾಲಿನ ಒಳಗೇ ಬಂದವು. ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿ, ಪುಂಡಿ ನಾರಿನ ಕುಂಚದಿಂದ ಎರಡು ಸಲ ಬಳಿದೆವು. ಸೇತುವೆಯ ಪಕ್ಕ ಸೈಕಲ್ ರಿಪೇರಿ ಮಾಡುವ ಚಾಚಾ ಟ್ಯೂಬು ಊದುವುದನ್ನು ಬಿಟ್ಟು ನೋಡಿ ನಕ್ಕಿದ್ದರು. “ಕ್ಯಾ ಬೇಟೀ, ಹಳ್ಳಕ್ಕ ಬಳಿ ತೊಡಸಾಕತ್ತೀಯೇನು?” ಉಳಿದ ಅರ್ಧ ಬಕೆಟ್ ಸುಣ್ಣವನ್ನು ಬಚ್ಚಲ ಮೂಲೆಯಲ್ಲಿ ಮುಚ್ಚಿಟ್ಟೆ.

ಮತ್ತೆ ಎರಡು ವಾರ ಯಾರೂ ಕಸ ಹಾಕಲಿಲ್ಲ. ನಾನು ಎಷ್ಟು ಹಿಗ್ಗಿದೆನೆಂದರೆ ದೇವದುರ್ಗದ ತವರಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಹಳ್ಳದ ದಂಡೆಗೆ ಮೂವತ್ತೊಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದಿದ್ದೇವೆ, ನೋಡಲು ಬಹಳ ಚೆಂದ, ಒಮ್ಮೆ ಬಂದು ನೋಡಿರಿ ಎಂದು.

ಈಗ ಎರಡನೆಯ ಕಲ್ಲಿನ ಪಕ್ಕದಿಂದ ಒಬ್ಬ ಕೈ ಬೀಸುತ್ತ ನಮ್ಮ ಗೋಡೆಯತ್ತ ಓಡಿ ಬಂದ. ನನ್ನ ತಮ್ಮ. ದೇವದುರ್ಗದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೆಗಲಿಗೆ ಹಗ್ಗದ ಸುತ್ತು, ಕೈಯಲ್ಲಿ ಒಂದು ಹಾರೆ, ಕಂಕುಳಲ್ಲಿ ನಾಲ್ಕು ಬೇವಿನ ಗೂಟ.

“ಅಕ್ಕಾ! ನಿನ್ನಿ ಸಂಜಿ ಬಸ್ಸಿಗೇ ಬಂದ್ವಿ. ನಸುಕಿನ್ಯಾಗ ನಿನ್ನ ಎಬ್ಬಸೂದು ಬ್ಯಾಡಂತ ಇಲ್ಲೇ ನಿಂತ್ನಿ. ಎಲ್ಡನೇದು ಹಿಡದೀನಿ, ನಡಿತದಲ್ಲ? ಮೂಲಿದು ಯಾರೋ ಮಾನ್ವಿಯವ್ರು ಹಿಡದುಬಿಟ್ಟಾರ.”

“ಏನು ಹಿಡದೀ?”

“ಪ್ಲಾಟು!”

ಅವನೇ ಹೇಳಿದ. ನನ್ನ ಪತ್ರವನ್ನು ಅಪ್ಪ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದ್ದರು. ಕೇಳಿದವರಿಗೆಲ್ಲ ಒಂದೇ ಅರ್ಥವಾಗಿತ್ತು. ನಮ್ಮ ಸೀಮೆಯಲ್ಲಿ ಬಯಲಿನಲ್ಲಿ ಕಲ್ಲಿಗೆ ಸುಣ್ಣ ಬಳಿಯುವುದು ಒಂದೇ ಕಾರಣಕ್ಕೆ, ಬಡವರಿಗೆ ಮನೆಯ ಜಾಗ ಹಂಚುವಾಗ. ನನ್ನ ಗಂಡ ಸರಕಾರಿ ಕಚೇರಿಯ ಗುಮಾಸ್ತ. ‘ಬಂದು ನೋಡಿರಿ’ ಎಂದು ಅಕ್ಕ ಬಾಯಿಬಿಟ್ಟು ಹೇಳಲಾರದೆ ಸೂಚಿಸಿದ್ದಾಳೆ ಎಂದು ಅವರು ತಿಳಿದರು. ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರಿಗೆ ಹೇಳಿದ, ಆ ಇಬ್ಬರು ಮಾನ್ವಿಯ ಬೀಗರಿಗೆ, ಸಿರವಾರದ ಗೆಳೆಯರಿಗೆ.

ಮನೆಯವರು ಟವಲು ಸುತ್ತಿಕೊಂಡು ಹಿತ್ತಲಿಗೆ ಬಂದರು. ಬಾಯಲ್ಲಿ ಹಲ್ಲುಪುಡಿಯ ನೊರೆ.

“ಇದೇನು ಜಾತ್ರಿ?”

“ನಾ ಇಟ್ಟ ಕಲ್ಲುರಿ” ಎಂದೆ.

ಅವರು ನನ್ನನ್ನು ನೋಡಿದರು, ಕಲ್ಲುಗಳನ್ನು ನೋಡಿದರು, ಬಾವನ ಕಡೆಗೆ ಹಲ್ಲು ಕಿರಿಯುತ್ತಿದ್ದ ನನ್ನ ತಮ್ಮನನ್ನು ನೋಡಿದರು. “ಆಫೀಸಿನ್ಯಾಗ ಯಾರಾರ ಕೇಳಿದ್ರ ನಾ ಏನಂತ ಹೇಳ್ಲಿ?” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದು ಅವರು ಡಬ್ಬಿ ಮರೆತು ಹೋದರು.

ವೈನಿಯ ಬಾಗಿಲು ಬಡಿದೆ. ಕಲ್ಲುಗಳಿಗೆ ನನ್ನಷ್ಟೇ ಸುಣ್ಣ ಬಳಿದವರು, ಬಂದು ಹೇಳಲಿ ಎಂದು. ಒಳಗಿನಿಂದಲೇ ದನಿ ಬಂತು: “ತಲಿ ಸಿಡ್ಯಾಕತ್ತದ ತಂಗೀ, ನೀನs ಹೋಗಿ ಬಾ.” ನೋಟುಬುಕ್ಕನ್ನು ಎತ್ತಿಕೊಂಡು ಒಬ್ಬಳೇ ಇಳಿದೆ.

ಒಂದೊಂದು ಕಲ್ಲಿನ ಹತ್ತಿರ ಒಂದೊಂದು ಸಂಸಾರದ ಸಾಮಾನು: ಸ್ಟೀಲಿನ ಡಬ್ಬಿ, ಗೋಣಿಚೀಲ, ಒಂದು ಕಡೆ ಮೂರು ಕಲ್ಲಿನ ಒಲೆ ಆಗಲೇ ಹೊಗೆಯಾಡುತ್ತಿತ್ತು. ಅದಕ್ಕೆ ಉರಿಯುತ್ತಿದ್ದುದು ಈಚಲ ಗರಿ, ಗರಿಗೆ ಅಂಟಿಕೊಂಡಿದ್ದ ಗೀಜಗನ ಗೂಡೂ ಒಲೆಯ ಬಾಯಲ್ಲಿತ್ತು.

“ಇವು ಪ್ಲಾಟಲ್ರಿ” ಎಂದೆ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಕೂಗಿ ಹೇಳಿದೆ. “ಈ ಕಲ್ಲು ನಾನಾ ಇಟ್ಟೀನಿ. ಕಸ ಹಾಕಬಾರದಂತ ಇಟ್ಟೀನಿ. ಯಾರೂ ಜಾಗ ಹಂಚೂದಿಲ್ರಿ.”

ಕೂಸಿನ ತಾಯಿ ನಕ್ಕುಬಿಟ್ಟಳು. “ಕಸ ಹಾಕಬಾರದಂತ ಕಲ್ಲಿಗೆ ಸುಣ್ಣ ಹಚ್ಚತಾರೇನ್ರಿ ಯವ್ವಾ? ನಾವೇನು ಮಳ್ಳರಾ?”

ಬೀಡಿಯವನು, “ತಾನೊಬ್ಬಾಕಿನs ಎಲ್ಲಾ ನುಂಗಾಕ ನೋಡ್ಯಾಳ. ಹಿತ್ತಲಕ್ಕ ಸೇರಿಸ್ಕೋತಾಳಂತ” ಎಂದ, ನನಗೆ ಕೇಳಲೆಂದೇ.

ನಂಬಿಸಬೇಕೆಂದು ನೋಟುಬುಕ್ಕು ಬಿಚ್ಚಿದೆ. “ಇಲ್ಲಿ ನೋಡ್ರಿ, ಹಳ್ಳದ್ದೆಲ್ಲ ಬರ್ದೀನಿ, ಇಲ್ಲಿ ಒರತಿ, ಇಲ್ಲಿ ಬೇವಿನ ಗಿಡ…” ಎಂದು ತೋರಿಸಿದೆ. ನಾನು ಆ ದಿನ ಮಾಡಿದ ದೊಡ್ಡ ತಪ್ಪು ಅದು. ಪೆನ್ಸಿಲಿನ ನಕ್ಷೆ, ಕಲ್ಲುಗಳಿಗೆ ಹಾಕಿದ ಒಂದು ಎರಡು ಮೂರರ ಗುರುತು, ಸಿಸ್ಟರು ಕಲಿಸಿದ ಗುಂಡಾದ ಅಕ್ಷರ. ನೋಡಿದ್ದೇ ತಡ, ಜನ ಕಲ್ಲು ಬಿಟ್ಟು ನನ್ನ ಮುಂದೆ ಸಾಲು ಹಚ್ಚಿದರು.

“ಹನ್ನೊಂದನೇ ನಂಬರು ನಂದ್ರಿ ಅಮ್ಮಾರ, ಹೆಸರು ಬರಕೊಳ್ರಿ.”

“ಏ ಸರಿ, ನಾ ಮೊದಲು ಬಂದೀನಿ!”

“ಹೆಬ್ಬಟ್ಟು ಎಲ್ಲಿ ಒತ್ತಬೇಕ್ರಿ?”

ಒಬ್ಬ ಅಜ್ಜ ನಿಜವಾಗಿಯೂ ಹೆಬ್ಬೆರಳನ್ನು ಒಲೆಯ ಮಸಿಗೆ ಅದ್ದಿಕೊಂಡು ಬಂದು ನಿಂತಿದ್ದ. ಆ ಕಪ್ಪು ಹೆಬ್ಬೆರಳು ನನ್ನ ಪುಸ್ತಕದ ಕಡೆ ಬರುವುದನ್ನು ನೋಡಿ ನಾನು ಅದನ್ನು ಎದೆಗವಚಿಕೊಂಡೆ. ಅವನ ಮುಖ ಬಾಡಿತು. ಅವನಿಗೆ ನಾನೇನು ಮಾಡಿದೆನೆಂದು ಆಗ ಹೊಳೆಯಿತು. ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಬಂದವನಿಗೆ, ಇರಲೊಂದು ಮನೆ ತೋರಿಸಿ ಬಾಗಿಲು ಹಾಕಿದ ಹಾಗೆ.

ಆಗಲೇ ದಿಬ್ಬದ ಕಡೆಯಿಂದ ಒಂದು ಕೂಗು ಕೇಳಿ ಅತ್ತ ಓಡಿದೆ. ಆಯಿ.

ಅವಳು ದಿನದಂತೆ ಖಾಲಿ ಕೊಡ ಹೊತ್ತು ದಿಬ್ಬದ ಬುಡಕ್ಕೆ ಬಂದಿದ್ದಳು. ಒರತಿ ಇರಲಿಲ್ಲ. ಗುಂಡಿ ಇದ್ದಲ್ಲಿ ಒದ್ದೆ ಮಣ್ಣನ್ನು ಸಮ ಮಾಡಿ ಮೇಲೆ ಇಟ್ಟಂಗಿ ಚೂರು ಬಡಿದಿತ್ತು. ಪಕ್ಕದಲ್ಲಿ ಮೂಲೆಯ ಕಲ್ಲು ಹಿಡಿದ ಮಾನ್ವಿಯವನು ಗುದ್ದಲಿ ಊರಿಕೊಂಡು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಒಳ್ಳೆಯ ಮನುಷ್ಯ. ಹೆದರಿದ ಮುಖದಿಂದ ನನಗೇ ಹೇಳಿದ: “ಗುಂಡಿ ಇತ್ತುರಿ ಅಕ್ಕಾರ, ಮಕ್ಳು ಗಿಕ್ಳು ಬಿದ್ದಾರಂತ ಮುಚ್ಚಿದ್ನಿ.”

ಆಯಿ ಅವನನ್ನು ಬೈಯಲಿಲ್ಲ. ಕೊಡ ಇಳಿಸಿ, ಕೂತು, ಬರಿಗೈಯಿಂದ ಇಟ್ಟಂಗಿ ಚೂರು ಎತ್ತಿಹಾಕತೊಡಗಿದಳು. ಮಣ್ಣೊಳಗಿಂದ ಅವಳ ತೆಂಗಿನ ಚಿಪ್ಪು ಸಿಕ್ಕಿತು, ಎರಡು ಹೋಳಾಗಿ. ನಾನೂ ಕೂತು ತೋಡಿದೆ. ಮಾನ್ವಿಯವನು ಸ್ವಲ್ಪ ಹೊತ್ತು ನೋಡಿ ಗುದ್ದಲಿ ಹಿಡಿದು ತಾನೂ ಬಂದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಮೊಳಕೈ ಆಳಕ್ಕೆ ಹೋದ ಮೇಲೆ ಅಂಟಂಟು ಕೆಸರು, ಇನ್ನೂ ಗೇಣು ಹೋದ ಮೇಲೆ ಗೋಧಿ ಹಿಟ್ಟಿನ ಬಣ್ಣದ ನೀರು. ಕುಡಿಯುವ ಹಾಗಿರಲಿಲ್ಲ.

“ತಿಳಿ ಆಗಾಕ ಎಷ್ಟು ದಿನ ಬೇಕು ಆಯಿ?” ಎಂದೆ.

“ಎಂಟು ದಿನ ಬೇಕು. ಇಟ್ಟಂಗಿ ಪುಡಿ ಕೆಳಗಿಳದದ.” ನೀರನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: “ಯವ್ವಾ, ನೀ ಕಲ್ಲು ಇಡದಿದ್ರ ಈ ಹಳ್ಳ ಯಾರ ಕಣ್ಣಿಗೂ ಬೀಳ್ತಿದ್ದಿಲ್ಲ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇದ್ದದ್ದನ್ನು ಹೇಳಿದಳು, ಅಷ್ಟೆ.

ಜನರನ್ನು ಎಬ್ಬಿಸಿದ್ದು ನಾನಲ್ಲ, ಚಾಚಾ. ಗದ್ದಲ ಕೇಳಿ ಸೈಕಲ್ ಚಕ್ರವೊಂದನ್ನು ಕೈಯಲ್ಲಿ ಹಿಡಿದೇ ಸೇತುವೆಯಿಂದ ಇಳಿದು ಬಂದರು. ಯಾರೊಂದಿಗೂ ವಾದಿಸಲಿಲ್ಲ. ದಂಡೆಯ ಜಾಲಿ ಮರದ ಹತ್ತಿರ ಎಲ್ಲರನ್ನೂ ಕರೆದುಕೊಂಡು ಹೋಗಿ, ತಲೆಗಿಂತ ಒಂದು ಗೇಣು ಮೇಲೆ ಮುಳ್ಳಿಗೆ ಸಿಕ್ಕಿಬಿದ್ದ ಚಿಂದಿ ಬಟ್ಟೆ, ಒಣ ಹುಲ್ಲು, ಒಂದು ಮಗುವಿನ ಹರಿದ ಅಂಗಿ ತೋರಿಸಿದರು.

“ಇದನ್ನ ಯಾರು ಇಲ್ಲಿ ನೇತಹಾಕ್ಯಾರ, ಹೇಳ್ರಿ ನೋಡೋಣ? ಹೋದ ಭಾದ್ರಪದದಾಗ ಇಷ್ಟೆತ್ತರ ನೀರು ಬಂದಿತ್ತು. ನಿಮ್ಮ ಪ್ಲಾಟಿನ್ಯಾಗ ಮನಿ ಕಟ್ರಿ, ಬ್ಯಾಡನ್ನಂಗಿಲ್ಲ. ಬಾಗಲಾ ಛತ್ತಿನ ಮ್ಯಾಲ ಇಟ್ಟಕೊಳ್ರಿ.”

ಯಾರೋ ನಕ್ಕರು. ಕೂಸಿನ ತಾಯಿ ನಗಲಿಲ್ಲ. ಆ ಸಣ್ಣ ಅಂಗಿಯನ್ನೇ ನೋಡಿ, ಕೌದಿ ಮಡಚಿದಳು. ಬೀಡಿಯವನು ಮಾತ್ರ, “ಗರಸು ಹಾಕಿ ಎತ್ತರಿಸಿದ್ರ ಆತು ಬಿಡು” ಎಂದ. ಆದರೆ ಅಷ್ಟರಲ್ಲಿ ಬಿಸಿಲು ಏರಿತ್ತು, ಬಸ್ಸಿನ ಹೊತ್ತಾಗಿತ್ತು. ಹನ್ನೆರಡರ ಹೊತ್ತಿಗೆ ಕೊನೆಯವರೂ ಎದ್ದರು. ಮಸಿ ಹಚ್ಚಿಕೊಂಡಿದ್ದ ಅಜ್ಜ ಹೋಗುವಾಗ, “ಖರೇನ ಹಂಚೂ ಟೈಮಿಗೆ ಒಂದು ಕಾರ್ಡು ಹಾಕ್ರಿ ಯವ್ವಾ” ಎಂದು ತನ್ನೂರಿನ ಹೆಸರು ಎರಡು ಸಲ ಹೇಳಿದ.

ತಮ್ಮ ಮಾತ್ರ ತನ್ನ ಎರಡನೇ ಕಲ್ಲಿನ ಮೇಲೆ ಕೂತೇ ಇದ್ದ. ಊಟಕ್ಕೆ ಕರೆದರೆ ಬರಲಿಲ್ಲ.

“ಬಸುರಿ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಅದಾವ, ತಿಂತೀನಿ. ನಿನಗೇನಕ್ಕಾ, ಮನಿ ಅದ, ಹಿತ್ತಲ ಅದ, ಹಕ್ಕಿ ಎಣಸ್ತಿ. ನಾ ಬಾಡಗಿ ಖೋಲ್ಯಾಗ ದಿನಾ ಎಣಸೂದು ಬ್ಯಾರೆ.”

ಅವನ ಪಕ್ಕ ಕೂತೆ. ರೊಟ್ಟಿ ಮುಗಿಸಿ ಅವನೇ ಎದ್ದು, “ಹೇಳು, ಏನು ಮಾಡಬೇಕು?” ಎಂದು ಹಾರೆ ಎತ್ತಿಕೊಂಡ. ಸುಣ್ಣ ತೊಳೆದರೆ ಹೋಗುವುದಿಲ್ಲ. ಒಂದೊಂದೇ ಕಲ್ಲನ್ನು ಮೀಟಿ ಬೋರಲು ಹಾಕುತ್ತ ಹೋದೆವು. ಬಿಳಿ ಮುಖ ಮಣ್ಣಿಗೆ, ಕಪ್ಪು ಬೆನ್ನು ಮೇಲಕ್ಕೆ. ಒಂದು ಕಲ್ಲಿನ ಕೆಳಗೆ ಮೂರೇ ವಾರದಲ್ಲಿ ಇರುವೆಗಳು ಮೊಟ್ಟೆಯಿಟ್ಟು ಸಂಸಾರ ಹೂಡಿದ್ದವು. ಅದನ್ನು ಹಾಗೇ ಬಿಟ್ಟು, ಮೇಲೆ ಮಣ್ಣು ಮೆತ್ತಿದೆವು. ಮೂವತ್ತೊಂದೂ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಅಂಗೈಯೂ ಸುಲಿದಿತ್ತು. ತಮ್ಮ ನಾಲ್ಕು ಗೂಟಗಳನ್ನು ನಮ್ಮ ಕರಿಬೇವಿನ ಗಿಡದ ಬುಡಕ್ಕೆ ಒರಗಿಸಿ, ಸಂಜೆಯ ಬಸ್ಸಿಗೆ ಹೋದ. ಹಗ್ಗ ಒಯ್ದ.

ಅವನನ್ನು ಕಳಿಸಿ ಹಿಂದೆ ಬಂದು, ಆಚೆ ದಂಡೆಗೆ ನಮ್ಮ ಎರಡು ಹಿತ್ತಾಳೆ ಕೊಡದಲ್ಲಿ ಒಂದನ್ನು ಹೊತ್ತು ಕೊಟ್ಟು ಬಂದೆ. ಆಯಿ ಬೇಡವೆನ್ನಲಿಲ್ಲ, ಒಳ್ಳೆಯದಾಗಲಿ ಎಂದೂ ಅನ್ನಲಿಲ್ಲ. ಹನ್ನೆರಡು ಗುಡಿಸಲಿಗೆ ಒಂದು ಕೊಡ. ಎಂಟು ದಿನವನ್ನು ದಿನ ಬಿಟ್ಟು ದಿನದ ನಮ್ಮ ನಳದಿಂದ ಹೇಗೆ ದಾಟಿಸಲಿ ಎಂದು ಲೆಕ್ಕ ಹಾಕುತ್ತ ಇಳಿಜಾರು ಹತ್ತಿದೆ. ಹಿಂದೆ ತಿರುಗಿ ನೋಡಿದರೆ ಬಿಳಿ ಸಾಲು ಇರಲಿಲ್ಲ. ಎಮ್ಮೆಗಳು ಬಂದಿದ್ದವು. ದಿಬ್ಬದ ಮೇಲೆ ಬೇವಿನ ಮರ ಒಂದೇ ಇತ್ತು. ಸದ್ಯ, ಇಷ್ಟಾದರೂ ಉಳಿಯಿತು ಎಂದುಕೊಂಡೆ.

ವೈನಿ ತಮ್ಮ ಹಿತ್ತಲ ಗೋಡೆಗೆ ಮೊಳಕೈ ಊರಿ ನಿಂತಿದ್ದರು. ತಲೆನೋವು ಹೋದಂತಿತ್ತು, ಬಾಯಲ್ಲಿ ಲವಂಗ.

“ಎಲ್ಲಾರೂ ಹೋದ್ರೇನು? ಪಾಪ.” ಒಣಹಾಕಿದ್ದ ಬಟ್ಟೆ ತೆಗೆಯುತ್ತ ಅಂದರು: “ತಂಗೀ, ಆ ಬಕೀಟಿನ್ಯಾಗ ಸುಣ್ಣ ಉಳದಿತ್ತಲ್ಲ, ಇದ್ರ ಕೊಡು. ನಮ್ಮವ್ರು ನಾಕೂ ಮೂಲಿಗೆ ನಾಕು ಕಲ್ಲು ತರಸ್ಯಾರ. ಚಾಚಾ ತೋರಿಸಿದ ಗುರ್ತಿಗಿಂತ ಆ ಬೇವಿನ ದಿಬ್ಬ ಮ್ಯಾಲ ಅದಂತ.”